ನಿಂತ ರಾಟೆ, ಬೀಗ ಬಿದ್ದ ಗೇಟು: ನಮ್ಮೂರಿನ ಆಟದ ಜಾಗಗಳಿಗೆ ಏನಾಯಿತು?

2025ರ ನವೆಂಬರ್ 25ರಂದು ಕೊಯಮತ್ತೂರಿನ ಗಾಂಧಿಪುರಂ ಬಳಿ, ಸೆಂಟ್ರಲ್ ಜೈಲಿನ ಜಾಗದಲ್ಲಿ, 45 ಎಕರೆಯ ಸೆಮ್ಮೊಳಿ ಪೂಂಗಾ ಉದ್ಘಾಟನೆಯಾಯಿತು. 2010ರ ವಿಶ್ವ ಶಾಸ್ತ್ರೀಯ ತಮಿಳು ಸಮ್ಮೇಳನದ ಹೊತ್ತಿಗೆ ಕೇಳಿಬಂದ ಯೋಜನೆ ಹದಿನೈದು ವರ್ಷಗಳ ಮೇಲೆ ಕೈಗೂಡಿತು. ಡಿಸೆಂಬರ್ ಮೊದಲ ವಾರದಲ್ಲಿ ಚೆನ್ನೈ ಹೊರವಲಯದಲ್ಲಿ ವಂಡರ್‌ಲಾ ಕಂಪನಿ ತನ್ನ ಐದನೆಯ ಪಾರ್ಕನ್ನು ತೆರೆಯಿತು. ಮಕ್ಕಳಿರುವ ಮನೆಗಳಿಗೆ ಎರಡೂ ಸಂತೋಷದ ಸುದ್ದಿಯೇ.

ಆದರೆ ನಮ್ಮ ಸದಸ್ಯರ ನಡುವೆ ಈ ವಿಷಯ ಬಂದಾಗಲೆಲ್ಲ ಮಾತು ಹೊಸ ಪಾರ್ಕುಗಳಲ್ಲಿ ನಿಲ್ಲದೆ ಹಳೆಯದಕ್ಕೆ ಜಾರುತ್ತದೆ. ವಿ.ಒ.ಸಿ. ಪಾರ್ಕಿನ ಪುಟಾಣಿ ರೈಲು, ಬೇಸಿಗೆ ಎಕ್ಸಿಬಿಷನ್ನಿನ ಜೈಂಟ್ ವೀಲು, ಕೊಲಂಬಸ್ ಹಡಗು, ಡೆಲ್ಲಿ ಅಪ್ಪಳ, ಬೊಂಬಾಯಿ ಮಿಠಾಯಿ. "ಅದೆಲ್ಲ ಈಗ ಎಲ್ಲಿ?" ಎಂಬ ಪ್ರಶ್ನೆ. ವಯಸ್ಸಾಗುತ್ತ ಬಂದವರ ಹಳಹಳಿಕೆ ಎಂದು ಇದನ್ನು ತಳ್ಳಿಹಾಕುವುದು ಸುಲಭ. ಸ್ವಲ್ಪ ಕೆದಕಿದರೆ ಇದರೊಳಗೆ ನಗರದ ಜಾಗ ಯಾರದ್ದು, ಸುರಕ್ಷತೆಗೆ ಯಾರು ಹೊಣೆ, ಕಡಿಮೆ ಸಂಪಾದನೆಯ ಮನೆಯ ಮಗು ಭಾನುವಾರ ಎಲ್ಲಿಗೆ ಹೋಗಬೇಕು ಎಂಬ ಇಂದಿನ ಪ್ರಶ್ನೆಗಳಿವೆ. ಈ ಬಾರಿಯ ಪ್ರಚಲಿತ ಅಂಕಣದಲ್ಲಿ ಅದನ್ನು ನೋಡೋಣ.

ವಿ.ಒ.ಸಿ. ಪಾರ್ಕಿನ ಕಥೆ

ಕೊಯಮತ್ತೂರಿನ ನೆಹರೂ ಸ್ಟೇಡಿಯಂ ಪಕ್ಕದ ವಿ.ಒ.ಸಿ. ಪಾರ್ಕನ್ನು ನೋಡದ ಕನ್ನಡ ಮನೆ ಈ ಎರಡು ಜಿಲ್ಲೆಗಳಲ್ಲಿ ಸಿಗುವುದು ಕಷ್ಟ. ವಿ.ಒ. ಚಿದಂಬರಂ ಪಿಳ್ಳೆ ಅವರ ಹೆಸರು ಅದಕ್ಕಿದೆ. ಬ್ರಿಟಿಷರ ಕಾಲದಲ್ಲಿ ಅವರು ಎತ್ತಿನ ಜಾಗದಲ್ಲಿ ನಿಂತು ಗಾಣ ಎಳೆದದ್ದು ಇದೇ ಊರಿನ ಸೆಂಟ್ರಲ್ ಜೈಲಿನಲ್ಲಿ. ಈಗ ಅದೇ ಜೈಲಿನ ಜಾಗದಲ್ಲಿ ಸೆಮ್ಮೊಳಿ ಪೂಂಗಾ ಬಂದಿದೆ.

ಪಾರ್ಕಿನೊಳಗಿನ ಮೃಗಾಲಯ 1965ರಲ್ಲಿ ಆರಂಭವಾಯಿತು. ನಡೆಸುತ್ತಿದ್ದದ್ದು ಕೊಯಮತ್ತೂರು ಮಹಾನಗರ ಪಾಲಿಕೆ. ಜಾಗ ನಾಲ್ಕೈದು ಎಕರೆ ಮಾತ್ರ. ಜಿಂಕೆ, ಮೊಸಳೆ, ಹಾವು, ಮಂಗ, ಪೆಲಿಕನ್ ಹಕ್ಕಿಗಳು ಇದ್ದವು. ಕೊಳ್ಳೇಗಾಲದಿಂದಲೋ ತಾಳವಾಡಿಯಿಂದಲೋ ರಜೆಗೆ ಬಂದ ಮಕ್ಕಳನ್ನು ಮೊದಲು ಕರೆದುಕೊಂಡು ಹೋಗುತ್ತಿದ್ದದ್ದು ಇಲ್ಲಿಗೇ. ಖರ್ಚು ಕಡಿಮೆ, ಟೌನ್ ಬಸ್ಸು ಸಿಗುತ್ತದೆ, ಮನೆಯಿಂದ ಕಟ್ಟಿಕೊಂಡು ಹೋದ ಪುಳಿಯೋಗರೆಯನ್ನು ಹುಲ್ಲಿನ ಮೇಲೆ ಕೂತು ತಿನ್ನಬಹುದು. ಪುಟಾಣಿ ರೈಲು ಓಡಿದ ದಿನಗಳೂ ಉಂಟು, ನಿಂತ ದಿನಗಳೂ ಉಂಟು. ಓಡುತ್ತಿದ್ದರೆ ಮಕ್ಕಳಿಗೆ ಹಬ್ಬ.

2022ರ ಜನವರಿಯಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಈ ಮೃಗಾಲಯದ ಮಾನ್ಯತೆಯನ್ನು ರದ್ದು ಮಾಡಿತು. ಮುಖ್ಯ ಕಾರಣ ಜಾಗದ ಕೊರತೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಪ್ರಾಧಿಕಾರದ ಮಾನ್ಯತೆ ಇಲ್ಲದೆ ಯಾರೂ ಮೃಗಾಲಯ ನಡೆಸುವಂತಿಲ್ಲ. ಪ್ರಾಣಿಗಳನ್ನು ಬೇರೆಡೆಗೆ ಕಳುಹಿಸುವ ಕೆಲಸ ಆರಂಭವಾಯಿತು. ಚುಕ್ಕೆ ಜಿಂಕೆಗಳನ್ನು ಹಂತಹಂತವಾಗಿ ಸಿರುವಾಣಿಯ ಕಾಡಿಗೆ ಬಿಡಲಾಯಿತು.

ಈ ಮುಚ್ಚುವಿಕೆ ನ್ಯಾಯವೇ ಎಂದು ಕೇಳಿದರೆ, ಪ್ರಾಣಿಗಳ ದೃಷ್ಟಿಯಿಂದ ನ್ಯಾಯ ಎಂದೇ ಹೇಳಬೇಕು. ಸುತ್ತ ಬಸ್ಸು, ಹಾರ್ನು, ಕ್ರಿಕೆಟ್ ಪಂದ್ಯದ ಗಲಾಟೆ ಇರುವ ನಾಲ್ಕೈದು ಎಕರೆಯಲ್ಲಿ ಜಿಂಕೆಗಳ ಹಿಂಡು ಬಾಳುವುದು ನಮಗೆ ಚೆಂದ ಕಂಡಿರಬಹುದು, ಅವುಗಳಿಗಲ್ಲ. ಮೈಸೂರಿನ ಮೃಗಾಲಯ 1892ರಿಂದ ಇಂದಿನವರೆಗೆ ಉಳಿದು ಬೆಳೆಯಲು ಒಂದು ದೊಡ್ಡ ಕಾರಣ ಅದಕ್ಕಿರುವ ನೂರೈವತ್ತಕ್ಕೂ ಹೆಚ್ಚು ಎಕರೆ ಜಾಗ. 2001ರಲ್ಲಿ ಅಲ್ಲಿ ಆರಂಭವಾದ ಪ್ರಾಣಿ ದತ್ತು ಯೋಜನೆ ಸಾರ್ವಜನಿಕರನ್ನೂ ಪಾಲುದಾರರನ್ನಾಗಿ ಮಾಡಿತು. ಕೊಯಮತ್ತೂರಿಗೆ ಅಂಥ ಜಾಗ ಇರಲಿಲ್ಲ.

ಆದರೆ ಮಕ್ಕಳ ದೃಷ್ಟಿಯಿಂದ ಕೇಳಬೇಕಾದ ಪ್ರಶ್ನೆ ಬೇರೆ. ಪ್ರಾಣಿಗಳು ಹೋದ ಮೇಲೆ ಆ ಜಾಗದಲ್ಲಿ ಮಗುವಿಗೆ ಏನು ಉಳಿಯಿತು? ಮಾನ್ಯತೆ ರದ್ದಾದದ್ದು ಮೃಗಾಲಯದ್ದು, ಪಾರ್ಕಿನದ್ದಲ್ಲ. ಆಟದ ಜಾಗವಾಗಿ ಅದನ್ನು ಚೆನ್ನಾಗಿ ಇಟ್ಟುಕೊಳ್ಳಬಾರದೆಂದು ಯಾವ ಕಾಯ್ದೆಯೂ ಹೇಳಿಲ್ಲ.

ಮುಚ್ಚುವುದರಲ್ಲೂ ನಾಲ್ಕು ಬಗೆ

ನೆನಪಿನಲ್ಲಿ ಎಲ್ಲ ಹಳೆಯ ಪಾರ್ಕುಗಳೂ ಒಂದೇ ಬುಟ್ಟಿಗೆ ಬೀಳುತ್ತವೆ. ಕಾರಣಗಳನ್ನು ಬಿಡಿಸಿ ನೋಡಿದರೆ ನಾಲ್ಕು ಬಗೆ ಕಾಣುತ್ತವೆ.

ಮೊದಲನೆಯದು ಜಾಗಕ್ಕಾಗಿ ಮುಚ್ಚುವುದು. ದೆಹಲಿಯ ಅಪ್ಪು ಘರ್ ಇದಕ್ಕೆ ದೊಡ್ಡ ಉದಾಹರಣೆ. 1984ರ ನವೆಂಬರ್ 19ರಂದು ಪ್ರಗತಿ ಮೈದಾನದಲ್ಲಿ ತೆರೆದ ಇದು ದೇಶದ ಮೊದಲ ದೊಡ್ಡ ಅಮ್ಯೂಸ್‌ಮೆಂಟ್ ಪಾರ್ಕ್. 1982ರ ಏಷ್ಯನ್ ಕ್ರೀಡಾಕೂಟದ ಲಾಂಛನವಾಗಿದ್ದ ಆನೆಮರಿ ಅಪ್ಪುವಿನ ಹೆಸರು ಅದಕ್ಕೆ. ಆ ಲಾಂಛನಕ್ಕೆ ಮಾದರಿಯಾದದ್ದು ನಮ್ಮ ಪಕ್ಕದ ಗುರುವಾಯೂರಿನ ಆನೆ. 2008ರ ಫೆಬ್ರುವರಿಯಲ್ಲಿ ಪಾರ್ಕು ಮುಚ್ಚಿತು. ಜಾಗ ಸುಪ್ರೀಂ ಕೋರ್ಟಿನ ವಿಸ್ತರಣೆಗೂ ಮೆಟ್ರೋಗೂ ಹೋಯಿತು.

ಎರಡನೆಯದು ಅಪಘಾತದಿಂದ ಮುಚ್ಚುವುದು. ತಾಂಬರಂ ಬಳಿಯ ಕಿಷ್ಕಿಂತಾ ಪಾರ್ಕನ್ನು 1990ರ ದಶಕದಲ್ಲಿ ಕಟ್ಟಿದವರು ದೇಶದ ಮೊದಲ 3ಡಿ ಚಿತ್ರ 'ಮೈ ಡಿಯರ್ ಕುಟ್ಟಿಚ್ಚಾತ್ತನ್' ನಿರ್ಮಿಸಿದ ನವೋದಯ ಅಪ್ಪಚ್ಚನ್. ಇಲ್ಲಿಂದ ಚೆನ್ನೈಗೆ ಶಾಲಾ ಪ್ರವಾಸ ಹೋದವರಲ್ಲಿ ಬಹಳ ಮಂದಿ ಅದನ್ನು ನೋಡಿದ್ದಾರೆ. 2016ರ ಮೇ ತಿಂಗಳಲ್ಲಿ ರೈಡ್ ಒಂದನ್ನು ಪರೀಕ್ಷಾರ್ಥವಾಗಿ ಓಡಿಸುವಾಗ ಅವಘಡವಾಗಿ ಸಿಬ್ಬಂದಿಯೊಬ್ಬರು ತೀರಿಕೊಂಡರು. 2019ರ ಜುಲೈ 14ರಂದು ಅಹಮದಾಬಾದಿನ ಕಾಂಕರಿಯಾ ಕೆರೆ ಬಳಿ ಲೋಲಕದಂತೆ ತೂಗುವ ರೈಡ್ ಮುರಿದುಬಿದ್ದು ಇಬ್ಬರು ಸತ್ತರು. ಇಂಥ ಕಡೆ ಬೀಗ ಬೀಳಲೇಬೇಕು.

ಮೂರನೆಯದು ಕಾನೂನು ಮತ್ತು ಕಾಲದ ತಿಳಿವಳಿಕೆ ಬದಲಾದುದರಿಂದ ಮುಚ್ಚುವುದು. ವಿ.ಒ.ಸಿ. ಮೃಗಾಲಯ ಈ ಗುಂಪಿನದು. ಸರ್ಕಸ್ಸಿನಲ್ಲಿ ಹುಲಿ, ಸಿಂಹ, ಕರಡಿ ಕಾಣದಂತಾದದ್ದೂ ಇದೇ ರೀತಿ.

ನಾಲ್ಕನೆಯದು ಸದ್ದಿಲ್ಲದೆ ನಿಲ್ಲುವುದು. ಯಾರೂ ಮುಚ್ಚುವ ತೀರ್ಮಾನ ಮಾಡಿರುವುದಿಲ್ಲ, ಪತ್ರಿಕೆಯಲ್ಲಿ ಪ್ರಕಟಣೆ ಬಂದಿರುವುದಿಲ್ಲ. ಒಂದು ದಿನ ಮೋಟಾರು ಕೆಡುತ್ತದೆ. 'ದುರಸ್ತಿಯಲ್ಲಿದೆ' ಎಂಬ ಬೋರ್ಡು ಬೀಳುತ್ತದೆ. ಟೆಂಡರ್ ಕರೆದರೂ ಯಾರೂ ಬರುವುದಿಲ್ಲ. ಮಳೆಗಾಲ ಒಂದೆರಡು ಕಳೆದರೆ ಹಳಿಯ ಮೇಲೆ ಹುಲ್ಲು. ನಮ್ಮ ಪಾಲಿಕೆ ಪಾರ್ಕುಗಳ ರೈಲುಗಳು, ಉಯ್ಯಾಲೆಗಳು, ಕಾರಂಜಿಗಳು ಹೆಚ್ಚಾಗಿ ಹೋದದ್ದು ಈ ದಾರಿಯಲ್ಲಿ. ಉಡುಮಲೈ ಕಡೆಯ ಅಮರಾವತಿ, ತಿರುಮೂರ್ತಿ, ಪೊಳ್ಳಾಚಿ ಕಡೆಯ ಆಳಿಯಾರ್ ಅಣೆಕಟ್ಟುಗಳಿಗೆ ಹೋಗುವವರಿಗೆ ಗೊತ್ತು: ದೋಣಿ ವಿಹಾರ ಇದೆಯೇ ಇಲ್ಲವೇ ಎಂಬುದು ನೀರಿನ ಮಟ್ಟದ ಮೇಲೆ ಎಷ್ಟು ನಿಂತಿದೆಯೋ ಗುತ್ತಿಗೆಯ ಮೇಲೂ ಅಷ್ಟೇ ನಿಂತಿದೆ.

ಮೊದಲ ಮೂರು ಬಗೆಯಲ್ಲಿ ಒಂದು ಆದೇಶ ಇರುತ್ತದೆ, ಅದನ್ನು ಒಪ್ಪಬಹುದು, ಪ್ರಶ್ನಿಸಬಹುದು. ನಾಲ್ಕನೆಯದರಲ್ಲಿ ಯಾರನ್ನು ಕೇಳುವುದು? ನಮ್ಮ ಸಂಘದಂಥವರು ಗಮನ ಕೊಡಬೇಕಾದದ್ದು ಇದಕ್ಕೇ.

ರೈಡ್‌ಗಳ ಲೆಕ್ಕಾಚಾರ

ರಾಟೆಯೊಂದನ್ನು ನಡೆಸುವುದು ಅಂಗಡಿ ನಡೆಸಿದಂತಲ್ಲ. ವ್ಯಾಪಾರ ಏಪ್ರಿಲ್, ಮೇ ರಜೆಯಲ್ಲೂ ಹಬ್ಬದ ವಾರಗಳಲ್ಲೂ ತುಂಬಿರುತ್ತದೆ. ಉಳಿದ ದಿನಗಳಲ್ಲಿ ಜನ ಇರಲಿ ಇಲ್ಲದಿರಲಿ ಬೇರಿಂಗಿಗೆ ಗ್ರೀಸು ಹಾಕಬೇಕು, ಬೋಲ್ಟು ಪರೀಕ್ಷಿಸಬೇಕು, ಬೆಳಿಗ್ಗೆ ಖಾಲಿ ಓಡಿಸಿ ನೋಡಬೇಕು. ಯಂತ್ರ ಹೊರದೇಶದ್ದಾದರೆ ಬಿಡಿಭಾಗಕ್ಕೆ ತಿಂಗಳುಗಟ್ಟಲೆ ಕಾಯಬೇಕು. 2020ರ ಮಾರ್ಚಿನಲ್ಲಿ ಕೋವಿಡ್ ಬಂದು ಎಲ್ಲ ನಿಂತಾಗ ಸಣ್ಣ ಪಾರ್ಕುಗಳಿಗೆ ಬಿದ್ದ ಪೆಟ್ಟು ಎರಡು ಪಟ್ಟಿನದು. ಆದಾಯ ನಿಂತಿತು. ಓಡದೆ ನಿಂತ ಯಂತ್ರಕ್ಕೆ ತುಕ್ಕು ಹಿಡಿಯುತ್ತ ಹೋಯಿತು.

ತೆರಿಗೆಯ ಏರಿಳಿತವೂ ಇದೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಅಮ್ಯೂಸ್‌ಮೆಂಟ್ ಪಾರ್ಕುಗಳ ಮೇಲೆ ಶೇ. 28ರಷ್ಟು ಹಾಕಲಾಯಿತು. ಪಾರ್ಕು ನಡೆಸುವವರ ಒತ್ತಾಯದ ಮೇಲೆ 2018ರ ಜನವರಿಯಲ್ಲಿ ಅದು ಶೇ. 18ಕ್ಕೆ ಇಳಿಯಿತು. ತಮಿಳುನಾಡಿನಲ್ಲಿ ಸ್ಥಳೀಯ ಸಂಸ್ಥೆಗಳ ಮನರಂಜನಾ ತೆರಿಗೆ ಇದರ ಮೇಲೆ ಬರುತ್ತದೆ. ಚೆನ್ನೈ ವಂಡರ್‌ಲಾ ವರ್ಷಗಟ್ಟಲೆ ತಡವಾದದ್ದಕ್ಕೆ ಈ ತೆರಿಗೆಯ ರಿಯಾಯಿತಿಗಾಗಿ ಕಾದದ್ದೂ ಒಂದು ಕಾರಣ. ದೊಡ್ಡ ಕಂಪನಿಗೆ ಹಾಗೆ ಕಾಯುವ ಶಕ್ತಿ ಇದೆ, ಸರ್ಕಾರದ ಜೊತೆ ಮಾತಾಡುವ ಬಲವೂ ಇದೆ. ಊರಿನ ಅಂಚಿನಲ್ಲಿ ಹತ್ತು ರೈಡ್ ಇಟ್ಟುಕೊಂಡವನಿಗೆ ಎರಡೂ ಇಲ್ಲ.

ಇದರ ಜೊತೆ ಜಾಗದ ಬೆಲೆ. 2025ರ ಅಕ್ಟೋಬರಿನಲ್ಲಿ ಅವಿನಾಶಿ ರಸ್ತೆಯ ಹತ್ತು ಕಿಲೋಮೀಟರ್ ಮೇಲ್ಸೇತುವೆ ಜಿ.ಡಿ. ನಾಯ್ಡು ಅವರ ಹೆಸರಿನಲ್ಲಿ ತೆರೆಯಿತು. ತಿರುಪ್ಪೂರಿನಿಂದ ಕೊಯಮತ್ತೂರಿನ ನಡುಭಾಗಕ್ಕೆ ಬರುವವರಿಗೆ ಸಮಯ ಉಳಿಯಿತು, ಒಳ್ಳೆಯದೇ. ಇಂಥ ರಸ್ತೆಯ ಪಕ್ಕದಲ್ಲಿ ಎಕರೆಗಟ್ಟಲೆ ಜಾಗವನ್ನು ಮಕ್ಕಳ ರಾಟೆಗಾಗಿ ಇಟ್ಟುಕೊಳ್ಳುವ ಮಾಲೀಕ ಇನ್ನು ಮುಂದೆ ಸಿಗುವುದು ಕಷ್ಟ.

ಪಾರ್ಕುಗಳ ಜಾಗ ಹೇಗೆ ರೂಪ ಬದಲಿಸುತ್ತದೆ ಎಂಬುದಕ್ಕೆ ಎರಡು ರಾಜ್ಯಗಳಲ್ಲಿ ಒಂದೇ ತರಹದ ಉದಾಹರಣೆ ಇದೆ. ಬಿಡದಿಯ ಇನ್ನೋವೇಟಿವ್ ಫಿಲ್ಮ್ ಸಿಟಿಗೆ ನಮ್ಮಲ್ಲಿ ಅನೇಕರು ಮಕ್ಕಳ ಜೊತೆ ಹೋಗಿದ್ದೇವೆ. ಅದೇ ಜಾಗ ಈಗ ಜಾಲಿವುಡ್ ಸ್ಟುಡಿಯೋಸ್. ಕನ್ನಡ ಬಿಗ್ ಬಾಸ್ ಮನೆ ಇರುವುದು ಅಲ್ಲೇ. 2025ರ ಅಕ್ಟೋಬರ್ 7ರಂದು ಮಾಲಿನ್ಯ ನಿಯಂತ್ರಣ ನಿಯಮಗಳ ಉಲ್ಲಂಘನೆಯ ಕಾರಣ ನೀಡಿ ಅಧಿಕಾರಿಗಳು ಅದಕ್ಕೆ ಬೀಗ ಹಾಕಿದಾಗ ರಾಜ್ಯವೆಲ್ಲ ಮಾತಾಡಿತು, ಒಂದೆರಡು ದಿನದಲ್ಲೇ ಬೀಗ ತೆಗೆದದ್ದೂ ಆಯಿತು. ಇತ್ತ ಚೆನ್ನೈ ಪೂನಮಲ್ಲಿ ಬಳಿಯ ಇ.ವಿ.ಪಿ. ಪಾರ್ಕು 2012ರಲ್ಲಿ ರೈಡ್ ಅಪಘಾತದ ಸಾವನ್ನು ಕಂಡು, ಮುಂದೆ ಫಿಲ್ಮ್ ಸಿಟಿಯಾಗಿ ತಮಿಳು ಬಿಗ್ ಬಾಸ್‌ನ ಮನೆಯಾಯಿತು. ಮಕ್ಕಳು ಟಿಕೆಟ್ ಕೊಂಡು ಆಡುತ್ತಿದ್ದ ಜಾಗವನ್ನು ಈಗ ಮನೆಮಂದಿ ಟಿವಿಯಲ್ಲಿ ನೋಡುತ್ತಾರೆ.

ಭಾನುವಾರದ ಪ್ರಶ್ನೆ

ಹಾಗಾದರೆ ಹೊಸ ಪಾರ್ಕುಗಳು ಹಳೆಯವುಗಳ ಜಾಗ ತುಂಬಿಲ್ಲವೇ? ಕೊಯಮತ್ತೂರು ಜಿಲ್ಲೆಯಲ್ಲೇ ಮೇಟ್ಟುಪಾಳ್ಯದ ಬ್ಲ್ಯಾಕ್ ಥಂಡರ್ ಇದೆ, ಸಿರುವಾಣಿ ರಸ್ತೆಯಲ್ಲಿ ಕೋವೈ ಕೊಂಡಾಟ್ಟಂ ಇದೆ. ಮೈಸೂರಿನಲ್ಲಿ ಜಿ.ಆರ್.ಎಸ್., ಬಿಡದಿಯಲ್ಲಿ 2005ರಿಂದ ವಂಡರ್‌ಲಾ. ಇವು ಹಳೆಯ ಎಕ್ಸಿಬಿಷನ್ ರಾಟೆಗಿಂತ ದೊಡ್ಡವು, ಸುರಕ್ಷತೆಯ ವ್ಯವಸ್ಥೆಯಲ್ಲೂ ಮುಂದೆ.

ಆದರೆ ತಲೆಗೆ ಸಾವಿರ ರೂಪಾಯಿ ದಾಟುವ ಟಿಕೆಟ್ಟಿನ ಪಾರ್ಕಿಗೆ ನಾಲ್ಕು ಜನರ ಮನೆ ಹೋದರೆ ಟಿಕೆಟ್ ಒಂದಕ್ಕೇ ನಾಲ್ಕೈದು ಸಾವಿರ. ಪ್ರಯಾಣ, ಊಟ ಬೇರೆ. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಹೊಲಿಗೆಯೋ ಚೆಕ್ಕಿಂಗೋ ಮಾಡುವ ಮನೆಗೆ ಅದು ವರ್ಷಕ್ಕೊಮ್ಮೆಯ ಮಾತು, ಅದೂ ಬೋನಸ್ ಬಂದರೆ. ವಾರದ ಸಂಬಳ ಶನಿವಾರ ಕೈಗೆ ಬಂದು ಭಾನುವಾರ ಒಂದು ದಿನ ರಜೆ ಸಿಗುವ ಊರು ಅದು. ಸಾಲುಮನೆಗಳಲ್ಲಿ ಬೆಳೆಯುವ ಮಕ್ಕಳಿಗೆ ಅಂಗಳ ಇಲ್ಲ. ಅವರಲ್ಲಿ ನಮ್ಮ ಕನ್ನಡದ ಮಕ್ಕಳಿದ್ದಾರೆ, ಬಿಹಾರ ಒಡಿಶಾದಿಂದ ಬಂದವರ ಮಕ್ಕಳೂ ಇದ್ದಾರೆ. ಹಳೆಯ ಕಾಲದ ಅಗ್ಗದ ಆಟಗಳು ಇಂಥ ಮನೆಗಳಿಗೆ ತಿಂಗಳಿಗೊಮ್ಮೆಯಾದರೂ ಎಟುಕುತ್ತಿದ್ದವು. ದೊಡ್ಡ ಪಾರ್ಕು ಎಷ್ಟೇ ಚೆನ್ನಾಗಿದ್ದರೂ ಆ ಕೊರತೆ ತುಂಬಲಾರದು.

ತಿರುಪ್ಪೂರಿಗೆ ಒಂದು ಒಳ್ಳೆಯ ಸುದ್ದಿ ಇದೆ. ನಗರದ ಉತ್ತರಕ್ಕಿರುವ ನಂಜರಾಯನ್ ಕೆರೆ 2024ರ ಆಗಸ್ಟ್‌ನಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಈ ಸೀಮೆಯನ್ನಾಳಿದ ನಂಜರಾಯ ಎಂಬ ಅರಸ ಅದನ್ನು ದುರಸ್ತಿ ಮಾಡಿಸಿದ್ದರಿಂದ ಆ ಹೆಸರು ಬಂತೆನ್ನುತ್ತಾರೆ. ಕನ್ನಡದ ಕಿವಿಗೆ ಆ ಹೆಸರು ಪರಿಚಿತವಾಗಿಯೇ ಕೇಳುತ್ತದೆ. ಹಕ್ಕಿ ನೋಡಲು ಟಿಕೆಟ್ಟಿನ ದೊಡ್ಡ ಪಾರ್ಕು ಬೇಕಿಲ್ಲ. ಮಕ್ಕಳನ್ನು ಬೆಳಿಗ್ಗೆ ಕರೆದುಕೊಂಡು ಹೋದರೆ ಸಾಕು. ಬೋನಿನಲ್ಲಿ ಪೆಲಿಕನ್ ನೋಡಿ ಬೆಳೆದ ನಮ್ಮ ತಲೆಮಾರಿನ ಮಕ್ಕಳು ಬಯಲಿನಲ್ಲಿ ನೀರುಹಕ್ಕಿ ನೋಡಿ ಬೆಳೆಯಬಹುದು. ಮೃಗಾಲಯ ಮುಚ್ಚಿದ್ದರ ದುಃಖಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ.

ಇನ್ನೂ ತಿರುಗುತ್ತಿರುವ ರಾಟೆ

ಎಲ್ಲವೂ ಮುಗಿದುಹೋಯಿತು ಎಂದುಕೊಳ್ಳುವ ಅಗತ್ಯವಿಲ್ಲ. ಜಾತ್ರೆಯ ರಾಟೆ ಇನ್ನೂ ಇದೆ. ಕಾರಮಡೈ ರಂಗನಾಥನ ಮಾಸಿ ತೇರು, ಕೊಯಮತ್ತೂರಿನ ಕೋಣಿಯಮ್ಮನ ತೇರು, ಅವಿನಾಶಿಯ ಚಿತ್ತಿರೈ ತೇರು, ಬಣ್ಣಾರಿ ಮಾರಿಯಮ್ಮನ ಕೊಂಡ, ಆಚೆ ಕಡೆ ಮಹದೇಶ್ವರ ಬೆಟ್ಟ, ಚಿಕ್ಕಲ್ಲೂರು ಜಾತ್ರೆ. ತಿರುಗುಣಿ, ಬಲೂನಿಗೆ ಗುಂಡು ಹೊಡೆಯುವ ಅಂಗಡಿ ಹೊತ್ತ ಲಾರಿಗಳು ಜಾತ್ರೆಯಿಂದ ಜಾತ್ರೆಗೆ ಹೋಗುತ್ತವೆ. ಅವಕ್ಕೆ ರಾಜ್ಯದ ಗಡಿ ಎಂಬುದು ಒಂದು ಚೆಕ್‌ಪೋಸ್ಟ್ ಅಷ್ಟೇ.

ಇಲ್ಲಿ ಒಂದು ಮಾತು ನೆನಪಿಡಬೇಕು. ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಭಾಷಾವಾರು ವಿಂಗಡಣೆಯಲ್ಲಿ ಅದು ಮೈಸೂರು ರಾಜ್ಯಕ್ಕೆ ಹೋಯಿತು. ನಮ್ಮ ಅಜ್ಜಂದಿರಿಗೆ ಮಾದಪ್ಪನ ಜಾತ್ರೆಯೂ ಕಾರಮಡೈ ತೇರೂ ಒಂದೇ ಜಿಲ್ಲೆಯ ಹಬ್ಬಗಳು. ಇಂದಿಗೂ ಎರಡೂ ಕಡೆ ನೆಂಟರಿರುವ ಮನೆಗಳು ಆ ಲೆಕ್ಕವನ್ನು ಬಿಟ್ಟಿಲ್ಲ.

ಆದರೆ ಜಾತ್ರೆಯ ರಾಟೆಗೆ ನಮ್ಮ ಪ್ರೀತಿ ಎಷ್ಟಿದ್ದರೂ ಅದರ ಬೋಲ್ಟನ್ನು ಯಾರು ನೋಡಿದ್ದಾರೆ ಎಂದು ಕೇಳಲೇಬೇಕು. ಅಮ್ಯೂಸ್‌ಮೆಂಟ್ ರೈಡ್‌ಗಳ ಸುರಕ್ಷತೆಗೆ ಭಾರತೀಯ ಮಾನಕ ಬ್ಯೂರೋದ ಐ.ಎಸ್. 15475, ವಾಟರ್ ಪಾರ್ಕುಗಳಿಗೆ ಐ.ಎಸ್. 15492 ಎಂಬ ಮಾನದಂಡಗಳು 2004ರಿಂದಲೇ ಇವೆ. ಮಾನದಂಡ ಇದ್ದ ಮಾತ್ರಕ್ಕೆ ಅದು ಕಡ್ಡಾಯವಾಗುವುದಿಲ್ಲ. ಅನುಮತಿ ಕೊಡುವ ಅಧಿಕಾರಿ ಅದನ್ನು ಕೇಳಿದರೆ ಮಾತ್ರ ಜಾರಿಗೆ ಬರುತ್ತದೆ. 2024ರ ಮೇ 25ರಂದು ರಾಜಕೋಟದ ಗೇಮ್ ಜೋನಿನ ಬೆಂಕಿಯಲ್ಲಿ 27 ಜನ, ಅದರಲ್ಲೂ ಮಕ್ಕಳು, ಸತ್ತ ಮೇಲೆ ಗುಜರಾತ್ ಸರ್ಕಾರ ರೈಡ್‌ಗಳಿಗೂ ಗೇಮ್ ಜೋನ್‌ಗಳಿಗೂ ಪ್ರತ್ಯೇಕ ಸುರಕ್ಷತಾ ನಿಯಮ ರೂಪಿಸಿತು. ಜಾತ್ರೆಯೋ ಎಕ್ಸಿಬಿಷನ್ನೋ ನಡೆಯುವ ಕಡೆ ಲೋಕೋಪಯೋಗಿ ಇಲಾಖೆ, ಅಗ್ನಿಶಾಮಕ, ವಿದ್ಯುತ್ ಮೂರೂ ಕಡೆಯ ಪರಿಶೀಲನೆ ಆಗಿದೆಯೇ ಎಂದು ವಿಚಾರಿಸುವುದು ಹಬ್ಬಕ್ಕೆ ಅಡ್ಡಿಯಲ್ಲ. ಮುಂದಿನ ವರ್ಷವೂ ರಾಟೆ ಬರಬೇಕಾದರೆ ಈ ವರ್ಷ ಯಾರಿಗೂ ಪೆಟ್ಟಾಗಬಾರದು.

ಮೇಟ್ಟುಪಾಳ್ಯ ಕಲಿಸುವ ಪಾಠ

ಹಳೆಯದೊಂದು ಯಂತ್ರ ಉಳಿಯಬೇಕಾದರೆ ಏನು ಬೇಕು? ಉತ್ತರ ನಮ್ಮ ಮೇಟ್ಟುಪಾಳ್ಯದಲ್ಲೇ ಇದೆ. ಅಲ್ಲಿಂದ ಕೂನೂರಿಗೆ ನೀಲಗಿರಿ ಬೆಟ್ಟದ ರೈಲು 1899ರಲ್ಲಿ ಓಡಿತು, 1908ರಲ್ಲಿ ಊಟಿ ಮುಟ್ಟಿತು. 46 ಕಿಲೋಮೀಟರ್ ದಾರಿ. ಕಲ್ಲಾರಿನಿಂದ ಕೂನೂರಿನವರೆಗೆ ಹಳಿಗಳ ನಡುವೆ ಹಲ್ಲಿನ ಪಟ್ಟಿ, ಎಂಜಿನ್ನಿನ ಹಲ್ಲುಚಕ್ರ ಅದನ್ನು ಹಿಡಿದುಕೊಂಡು ಏರುತ್ತದೆ. ಲಾಭದ ಲೆಕ್ಕದಲ್ಲಿ ನೋಡಿದರೆ ಇದು ಎಂದೋ ನಿಲ್ಲಬೇಕಿತ್ತು. ಪ್ರತಿ ಹಿಂಗಾರಿನಲ್ಲೂ ಗುಡ್ಡ ಜಾರಿ ಹಳಿ ಮುಚ್ಚುತ್ತದೆ, ಪ್ರತಿ ಸಲವೂ ಮಣ್ಣು ತೆಗೆದು ಮತ್ತೆ ಓಡಿಸುತ್ತಾರೆ. 2005ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹಳೆಯ ಮಾದರಿಯ ಹೊಸ ಎಂಜಿನ್ನುಗಳನ್ನು ತಿರುಚ್ಚಿಯ ಗೋಲ್ಡನ್ ರಾಕ್ ವರ್ಕ್‌ಶಾಪಿನಲ್ಲೇ ಕಟ್ಟಿದರು.

ಇದು ಉಳಿದದ್ದಕ್ಕೆ ಮೂರು ಕಾರಣ: ಹೊಣೆ ಹೊತ್ತ ಸಾರ್ವಜನಿಕ ಸಂಸ್ಥೆ ಒಂದಿದೆ, ಬಿಡಿಭಾಗ ಮಾಡಬಲ್ಲ ಕೈಗಳು ಇಲ್ಲೇ ಇವೆ, ಇದು ಪರಂಪರೆ ಎಂದು ಯಾರೋ ಬರೆದಿಟ್ಟಿದ್ದಾರೆ. ವಿ.ಒ.ಸಿ. ಪಾರ್ಕಿನ ಪುಟಾಣಿ ರೈಲಿಗೆ ಮೊದಲನೆಯದು ಇತ್ತು. ಎರಡನೆಯದು, ಪಂಪು ಮೋಟಾರು ತಯಾರಿಕೆಗೆ ದೇಶಕ್ಕೇ ಹೆಸರಾದ ಕೊಯಮತ್ತೂರಿನಲ್ಲಿ, ಧಾರಾಳವಾಗಿ ಇದೆ. ಇಲ್ಲದ್ದು ಮೂರನೆಯದು.

ಹೊರಗಿನ ಲೋಕದಲ್ಲೂ ಇದೇ ಕಥೆ. ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ 1927ರ ಸೈಕ್ಲೋನ್ ಎಂಬ ಮರದ ರೋಲರ್ ಕೋಸ್ಟರ್ ಇದೆ. 1988ರಲ್ಲಿ ನಗರ ಅದನ್ನು ಸಂರಕ್ಷಿತ ಸ್ಮಾರಕವೆಂದು ಘೋಷಿಸಿದ್ದರಿಂದ ಅದು ಗುಜರಿಗೆ ಹೋಗಲಿಲ್ಲ. ಇಂಗ್ಲೆಂಡಿನ ಮಾರ್ಗೇಟ್ ಊರಿನ ಡ್ರೀಮ್‌ಲ್ಯಾಂಡ್ ಪಾರ್ಕು ಮುಚ್ಚಿದಾಗ ಊರಿನ ಜನವೇ ಹೋರಾಡಿದರು. ಅಲ್ಲಿನ 1920ರ ಸೀನಿಕ್ ರೈಲ್ವೆಗೆ 2002ರಲ್ಲೇ ಸಂರಕ್ಷಿತ ಕಟ್ಟಡದ ಸ್ಥಾನ ಸಿಕ್ಕಿತ್ತು. 2008ರಲ್ಲಿ ಬೆಂಕಿ ಬಿದ್ದರೂ 2015ರಲ್ಲಿ ಪಾರ್ಕು ಮತ್ತೆ ತೆರೆಯಿತು. ಟೋಕಿಯೋದ ತೋಶಿಮಾಯೆನ್ ಪಾರ್ಕಿಗೆ ಆ ಅದೃಷ್ಟ ಇರಲಿಲ್ಲ. 2020ರ ಆಗಸ್ಟ್ 31ರಂದು ಅದು ಮುಚ್ಚಿ, ಜಾಗ ಹ್ಯಾರಿ ಪಾಟರ್ ಸ್ಟುಡಿಯೋ ಆಯಿತು. ಅಲ್ಲಿದ್ದ 1907ರ ಜರ್ಮನ್ ಮರಗುದುರೆಗಳ ತಿರುಗುಣಿಯನ್ನು ಬಿಚ್ಚಿ ಗೋದಾಮಿನಲ್ಲಿಟ್ಟರು. ವಸ್ತುವನ್ನು ಉಳಿಸಿದರೂ ಅದು ತಿರುಗುವ ಜಾಗ ಹೋಯಿತು.

ಗಡಿಯಾಚೆಯ ದಾರಿ

ನಮ್ಮ ಮನೆಗಳಿಗೆ ಇನ್ನೊಂದು ಆಯ್ಕೆ ಸದಾ ಮೈಸೂರು. ದಸರಾ ವಸ್ತುಪ್ರದರ್ಶನ, ಮೃಗಾಲಯ, ಕೆ.ಆರ್.ಎಸ್. ಬೃಂದಾವನ. ಸತ್ಯಮಂಗಲ ದಾಟಿ ದಿಂಬಂ ಘಾಟಿಯ 27 ತಿರುವು ಹತ್ತಿ ಚಾಮರಾಜನಗರ ಸೇರುವ ದಾರಿಯಲ್ಲಿ 2022ರ ಫೆಬ್ರುವರಿಯಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧ ಇದೆ. ವನ್ಯಜೀವಿಗಳು ವಾಹನಕ್ಕೆ ಸಿಕ್ಕಿ ಸಾಯುವುದನ್ನು ತಡೆಯಲು ಮದ್ರಾಸ್ ಹೈಕೋರ್ಟಿನ ಆದೇಶದಂತೆ ಇದು ಜಾರಿಯಾಯಿತು. ಇದನ್ನು ಗೌರವಿಸಬೇಕು. ಆದರೆ ಒಂದೇ ದಿನದಲ್ಲಿ ಮೈಸೂರು ನೋಡಿ, ದೀಪಾಲಂಕಾರ ಮುಗಿಸಿ, ರಾತ್ರಿ ಮನೆ ಸೇರುವ ಹಳೆಯ ಪದ್ಧತಿ ಇನ್ನು ನಡೆಯದು. ಒಂದು ರಾತ್ರಿ ಉಳಿಯಬೇಕು, ಖರ್ಚು ಅಷ್ಟಕ್ಕಷ್ಟು ಏರುತ್ತದೆ.

ಅತ್ತ ಕರ್ನಾಟಕ ಸರ್ಕಾರ ಬೃಂದಾವನ ಉದ್ಯಾನವನ್ನು ಡಿಸ್ನಿಲ್ಯಾಂಡ್ ಮಾದರಿಯಲ್ಲಿ ಬೆಳೆಸಲು ಎರಡೂವರೆ ಸಾವಿರ ಕೋಟಿ ರೂಪಾಯಿಗೂ ಮೀರಿದ ಅಂದಾಜಿನ, ಖಾಸಗಿ ಸಹಭಾಗಿತ್ವದ ಯೋಜನೆ ಹಾಕಿದೆ. ಅಣೆಕಟ್ಟಿನ ಸುರಕ್ಷತೆಯ ಆತಂಕದಿಂದ ರೈತ ಸಂಘಟನೆಗಳು ವಿರೋಧಿಸಿವೆ. ಪರ ವಿರೋಧ ಏನೇ ಇರಲಿ, ಬೃಂದಾವನದ ಹೆಚ್ಚುಗಾರಿಕೆ ಅದು ಬಡವರಿಗೂ ತೆರೆದ ತೋಟ ಎಂಬುದು. ದೊಡ್ಡ ಯೋಜನೆ ಬಂದ ಮೇಲೆ ಆ ಬಾಗಿಲು ಎಷ್ಟು ಕಿರಿದಾಗುತ್ತದೆ ಎಂಬುದನ್ನು ಗಡಿಯ ಈ ಕಡೆಯವರೂ ಗಮನಿಸಬೇಕು. ಅಲ್ಲಿಗೆ ಹೋಗುವ ಬಸ್ಸುಗಳಲ್ಲಿ ನಾವೂ ಇರುತ್ತೇವೆ.

ನಾವು ಏನು ಕೇಳಬಹುದು?

ಹಳೆಯ ಬೋನುಗಳನ್ನು ಮತ್ತೆ ತನ್ನಿ ಎಂದು ಕೇಳುವುದು ಸರಿಯಲ್ಲ. ತುಕ್ಕು ಹಿಡಿದ ರಾಟೆಗೆ ಬಣ್ಣ ಬಳಿದು ಓಡಿಸಿ ಎನ್ನುವುದೂ ಅಪಾಯ. ಕೇಳಬೇಕಾದ, ಕೇಳಬಹುದಾದ ನಾಲ್ಕು ವಿಷಯಗಳಿವೆ.

ಒಂದು, ವಿ.ಒ.ಸಿ. ಪಾರ್ಕಿನ ಹಳೆಯ ಮೃಗಾಲಯದ ಜಾಗ ಮಕ್ಕಳ ಸಾರ್ವಜನಿಕ ಜಾಗವಾಗಿಯೇ ಉಳಿಯಬೇಕು, ಪುಟಾಣಿ ರೈಲಿಗೆ ವರ್ಷಾವಧಿ ನಿರ್ವಹಣೆಯ ಹಣ ಪಾಲಿಕೆ ಬಜೆಟ್ಟಿನಲ್ಲಿ ಪ್ರತ್ಯೇಕವಾಗಿ ಕಾಣಬೇಕು. ವಾರ್ಡಿನ ಸಭೆಯಲ್ಲಿ ಯಾರು ಬೇಕಾದರೂ ಇದನ್ನು ಎತ್ತಬಹುದು.

ಎರಡು, ಬಡಾವಣೆಗಳ ಮೀಸಲು ಜಾಗ. ತಮಿಳುನಾಡಿನ 2019ರ ಕಟ್ಟಡ ನಿಯಮಗಳ ಪ್ರಕಾರ 10,000 ಚದರ ಮೀಟರಿಗಿಂತ ದೊಡ್ಡ ಬಡಾವಣೆಯಲ್ಲಿ ರಸ್ತೆ ಬಿಟ್ಟು ಉಳಿದ ಜಾಗದ ಶೇ. 10ನ್ನು ಸಾರ್ವಜನಿಕ ಬಯಲಿಗಾಗಿ ಸ್ಥಳೀಯ ಸಂಸ್ಥೆಗೆ ಬರೆದುಕೊಡಬೇಕು. ನಿಮ್ಮ ಬಡಾವಣೆಯ ಮಂಜೂರಾದ ನಕ್ಷೆಯಲ್ಲಿ ಆ ಜಾಗ ಎಲ್ಲಿದೆ, ಈಗ ಅಲ್ಲಿ ಏನಿದೆ ಎಂದು ನೋಡಿ. ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಉಯ್ಯಾಲೆ, ಒಂದು ಜಾರುಬಂಡೆ ಇದ್ದರೆ ಐವತ್ತು ಕಿಲೋಮೀಟರ್ ಆಚೆಯ ಪಾರ್ಕಿಗಿಂತ ಅದು ಮಗುವಿಗೆ ಹೆಚ್ಚು.

ಮೂರು, ಜಾತ್ರೆ ಮತ್ತು ಎಕ್ಸಿಬಿಷನ್ ರೈಡ್‌ಗಳ ಪರಿಶೀಲನಾ ಪತ್ರವನ್ನು ಟಿಕೆಟ್ ಕೌಂಟರಿನಲ್ಲೇ ತೂಗುಹಾಕಬೇಕು ಎಂಬ ಬೇಡಿಕೆ. ಇದಕ್ಕೆ ಹಣ ಬೇಕಿಲ್ಲ.

ನಾಲ್ಕು, ನಮ್ಮದೇ ಕೆಲಸ. ವಿ.ಒ.ಸಿ. ಪಾರ್ಕಿನ ರೈಲಿನ ಮುಂದೆ, ಎಕ್ಸಿಬಿಷನ್ನಿನ ಬೊಂಬೆ ಹಡಗಿನ ಪಕ್ಕ, ಅಮರಾವತಿಯ ಮೊಸಳೆ ತೊಟ್ಟಿಯ ಹತ್ತಿರ ತೆಗೆಸಿಕೊಂಡ ಹಳೆಯ ಫೋಟೋಗಳು ಅನೇಕ ಮನೆಗಳ ಆಲ್ಬಮ್ಮುಗಳಲ್ಲಿವೆ. ಅಂಟು ಬಿಟ್ಟು ಬಣ್ಣ ಹೋಗುವ ಮುನ್ನ ಅವನ್ನು ಮೊಬೈಲಿನಲ್ಲಿ ತೆಗೆದು, ವರ್ಷ, ಊರು, ಜೊತೆಗಿದ್ದವರ ಸಂಬಂಧ ಬರೆದಿಟ್ಟುಕೊಳ್ಳಿ. ಕೊಯಮತ್ತೂರಿನಲ್ಲಿ ಸಾಮಿಕ್ಕಣ್ಣು ವಿನ್ಸೆಂಟ್ 1914ರಲ್ಲಿ ಕಟ್ಟಿಸಿದ ವೆರೈಟಿ ಹಾಲ್ ಥಿಯೇಟರ್ ದಕ್ಷಿಣ ಭಾರತದ ಮೊದಲ ಖಾಯಂ ಚಿತ್ರಮಂದಿರಗಳಲ್ಲೊಂದು. ಅದು ಕೆಡವುವ ಹೊತ್ತಿಗೆ ಊರಿನ ಅನೇಕರಿಗೆ ಅದರ ಮಹತ್ವವೇ ಗೊತ್ತಿರಲಿಲ್ಲ. ಬರೆದಿಡದ್ದನ್ನು ಉಳಿಸಿ ಎಂದು ಯಾರನ್ನೂ ಕೇಳಲಾಗುವುದಿಲ್ಲ.

ಫೋಟೋ ಇರುವ ಸದಸ್ಯರು ಸಂಘದ ಕಾರ್ಯದರ್ಶಿಗೆ ಕಳುಹಿಸಿದರೆ ಊರುವಾರು ವಿಂಗಡಿಸಿ ಇದೇ ಪುಟದಲ್ಲಿ ಹಾಕುವ ಆಲೋಚನೆ ಇದೆ. ಮಕ್ಕಳ ಫೋಟೋ ಆದ್ದರಿಂದ ಅದರಲ್ಲಿರುವವರ ಒಪ್ಪಿಗೆ ಪಡೆದು ಕಳುಹಿಸಿ. ಕೊಯಮತ್ತೂರು, ಮೇಟ್ಟುಪಾಳ್ಯ, ತಿರುಪ್ಪೂರು, ಉಡುಮಲೈ, ಸತ್ಯಮಂಗಲ, ತಾಳವಾಡಿ, ಕೊಳ್ಳೇಗಾಲ, ಚಾಮರಾಜನಗರ ಯಾವ ಊರಾದರೂ ಸರಿ. ಪಾಲಿಕೆಗೆ ಮನವಿ ಕೊಡುವ ದಿನ ಬಂದರೆ ಮಾತಿನ ಜೊತೆಗೆ ತೋರಿಸಲು ನಮ್ಮ ಕೈಯಲ್ಲಿ ಏನಾದರೂ ಇರಲಿ.